ಓದುವ ಮನೆಯ ಕುಡಿ ಕೇಶಿರಾಜ

ನಮ್ಮ ಧರ್ಮಕೇಂದ್ರಗಳಿಂದ ಪ್ರವಾಸ ಹೊರಟವರು ಘಟ್ಟ ಹತ್ತಿದ ಮೇಲೆ ಬೇಲೂರು, ಹಳೇಬೀಡು ನೋಡದೆ ಹಿಂತಿರುಗುವುದು ಕಡಿಮೆ. ಬೇಲೂರಿನಲ್ಲಿ 1117ರ ಚೆನ್ನಕೇಶವ ದೇವಾಲಯ, ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಬಿಡುವಿದ್ದರೆ ಅರಸೀಕೆರೆಯ ಶಿವಾಲಯ. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ಹಳೇಬೀಡು ದ್ವಾರಸಮುದ್ರ ಎಂಬ ಹೊಯ್ಸಳ ರಾಜಧಾನಿಯಾಗಿದ್ದ ಕಾಲದಲ್ಲಿ ಕಲ್ಲಿನ ಕೆಲಸದಷ್ಟೇ ದೊಡ್ಡ ಕೆಲಸವೊಂದು ಓಲೆಗರಿಯ ಮೇಲೂ ನಡೆದಿತ್ತು. ಅದನ್ನು ಮಾಡಿದ ಒಂದು ಮನೆತನವನ್ನೂ ಅದರ ಕುಡಿಯಾದ ಕೇಶಿರಾಜನನ್ನೂ ಈ ಸಲ ನೆನೆಯೋಣ. ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂಬ ದೂರು ಮನೆಮನೆಯಲ್ಲಿ ಕೇಳಿಬರುವ ಈ ದಿನಗಳಲ್ಲಿ ಅವನಿಂದ ನಾವು ಕಲಿಯುವುದಿದೆ.

ಅಜ್ಜ, ತಂದೆ, ಸೋದರಮಾವ

ಕೇಶಿರಾಜನ ತಾಯಿಯ ತಂದೆ ಸುಮನೋಬಾಣ. ಒಂದನೇ ನರಸಿಂಹನ ಕಾಲದಲ್ಲಿ ಕಟಕೋಪಾಧ್ಯಾಯನೆಂಬ ಗುರುಸ್ಥಾನದಲ್ಲಿದ್ದವನು. ಸೋದರಮಾವ ಜನ್ನ. 1209ರಲ್ಲಿ ‘ಯಶೋಧರ ಚರಿತೆ’, 1230ರಲ್ಲಿ ‘ಅನಂತನಾಥ ಪುರಾಣ’ ಬರೆದು, ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಮಹಾಕವಿ.

ತಂದೆ ಮಲ್ಲಿಕಾರ್ಜುನನ ಹೆಸರು ಅಷ್ಟು ಪ್ರಸಿದ್ಧವಲ್ಲ. ಆದರೆ ಅವನು ಮಾಡಿದ ಕೆಲಸ ಅಪರೂಪದ್ದು. ಸುಮಾರು 1245ರಲ್ಲಿ, ದೊರೆ ಸೋಮೇಶ್ವರನಿಗಾಗಿ, ಹಿಂದಿನ ಕವಿಗಳ ಕಾವ್ಯಗಳಿಂದ ಸಮುದ್ರ, ಬೆಟ್ಟ, ಋತು, ಚಂದ್ರೋದಯ ಮುಂತಾದ ವರ್ಣನೆಗಳ ಪದ್ಯಗಳನ್ನು ಆಯ್ದು ವಿಷಯವಾರು ಜೋಡಿಸಿದನು. ಅದೇ ‘ಸೂಕ್ತಿಸುಧಾರ್ಣವ’. ಇಂಥ ಗ್ರಂಥ ಕಟ್ಟಬೇಕಾದರೆ ಮೊದಲು ಎಲ್ಲವನ್ನೂ ಓದಿರಬೇಕು. ಕಾಲಗರ್ಭದಲ್ಲಿ ಕಳೆದುಹೋದ ಎಷ್ಟೋ ಕಾವ್ಯಗಳ ಪದ್ಯಗಳು ಇಂದು ಸಿಗುವುದು ಅವನ ಆ ಓದಿನ ಪುಣ್ಯದಿಂದ.

ಆಗ ಪುಸ್ತಕವೆಂದರೆ ಓಲೆಗರಿಯ ಕಟ್ಟು. ಬೇಕಾದರೆ ಕಂಠ ಹಿಡಿದು ಕೈಯಾರೆ ನಕಲು ಮಾಡಿಕೊಳ್ಳಬೇಕು. ಕಾವ್ಯವನ್ನು ಗಟ್ಟಿಯಾಗಿ ಓದುವುದು ರೂಢಿ. ಹಿರಿಯರು ಓದುವಾಗ ಮಕ್ಕಳ ಕಿವಿಗೆ ಅದು ತಾನಾಗಿ ಬೀಳುತ್ತಿತ್ತು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಓದು ಊಟದಷ್ಟೇ ಸಹಜವಾಗಿದ್ದಿರಬೇಕು.

ಓದಿನಿಂದ ಹುಟ್ಟಿದ ವ್ಯಾಕರಣ

ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದನು. ಹಳಗನ್ನಡದ ಸಮಗ್ರ ವ್ಯಾಕರಣವನ್ನು ಕನ್ನಡದಲ್ಲೇ ಕೊಟ್ಟ ಗ್ರಂಥ ಇದು. ಅದರಲ್ಲಿ ತನ್ನ ಪರಿಚಯ ಹೇಳುವಾಗ ತಾನು ಸುಮನೋಬಾಣನ ಮಗಳ ಮಗ, ಮಲ್ಲಿಕಾರ್ಜುನನ ಮಗ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಬಳಿಕ ತನಗೆ ಆಧಾರವಾದ ಕವಿಗಳನ್ನು ಹೆಸರಿಸುತ್ತಾನೆ: ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರು. ನಿಯಮ ಹೇಳಿ, ತಾನೇ ವಿವರಣೆ ಬರೆದು, ಈ ಕವಿಗಳ ಸಾಲುಗಳನ್ನೇ ಉದಾಹರಣೆಯಾಗಿ ಕೊಡುತ್ತಾನೆ. ತಂದೆ ಸವಿಗಾಗಿ ಆಯ್ದ ಪದ್ಯರಾಶಿಯನ್ನು ಮಗ ಭಾಷೆಯ ನಿಯಮಕ್ಕೆ ಸಾಕ್ಷಿಯಾಗಿ ನಿಲ್ಲಿಸಿದನು.

ಒಂದು ಉದಾಹರಣೆ ನೋಡಿ. ಮಳೆ, ಬಾಳೆ, ಕೋಳಿ ಎಂಬ ಶಬ್ದಗಳಲ್ಲಿ ಹಿಂದೆ ಈಗಿನ ‘ಳ’ ಇರಲಿಲ್ಲ. ‘ೞ’ ಎಂಬ ಬೇರೊಂದು ಅಕ್ಷರವಿತ್ತು. ನೆರೆಯ ಮಲಯಾಳದಲ್ಲಿ ಆ ಉಚ್ಚಾರ ಇಂದಿಗೂ ಉಳಿದಿರುವುದು ಕಾಸರಗೋಡು ಕಡೆಯವರಿಗೆ ಗೊತ್ತು. ಕನ್ನಡದಲ್ಲಿ ಅದು ‘ಳ’ದೊಡನೆ ಬೆರೆತು ಮರೆಯಾಗುತ್ತಿದ್ದ ಕಾಲದಲ್ಲಿ ಕೇಶಿರಾಜ ಆ ಅಕ್ಷರವಿರುವ ಶಬ್ದಗಳನ್ನು ಪಟ್ಟಿ ಮಾಡಿ ಕೊಟ್ಟನು. ಹಳೆಯ ಕಾವ್ಯಗಳನ್ನು ಆಳವಾಗಿ ಓದಿದವನಿಗಲ್ಲದೆ ಇದು ಸಾಧ್ಯವಿರಲಿಲ್ಲ.

ಅವನು ‘ಚೋಳಪಾಲಕ ಚರಿತೆ’, ‘ಸುಭದ್ರಾಹರಣ’ ಮುಂತಾದ ಬೇರೆ ಕೃತಿಗಳನ್ನೂ ಬರೆದಿದ್ದನು. ಅವು ಉಳಿದು ಬಂದಿಲ್ಲ. ಸ್ವಂತ ಕಾವ್ಯಗಳು ಕಳೆದುಹೋದವು. ಇತರರನ್ನು ಓದಿ ಬರೆದ ಗ್ರಂಥ ಉಳಿಯಿತು.

ಅದು ಉಳಿದ ಕಥೆಯಲ್ಲಿ ನಮ್ಮ ಕರಾವಳಿಗೂ ಪಾಲಿದೆ. 1872ರಲ್ಲಿ ಫರ್ಡಿನೆಂಡ್ ಕಿಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 1894ರಲ್ಲಿ ಹೊರಬಂದ ಕಿಟೆಲ್ಲರ ನಿಘಂಟಿನಲ್ಲಿ ಅನೇಕ ಶಬ್ದಗಳಿಗೆ ಕೇಶಿರಾಜನೇ ಆಧಾರ.

ನಮ್ಮ ಮನೆಗಳಲ್ಲಿ

ಮಕ್ಕಳ ಕೈಗೆ ಪುಸ್ತಕ ಕೊಟ್ಟು ನಾವು ಮೊಬೈಲ್ ಹಿಡಿದು ಕೂತರೆ ಮಗು ಕಲಿಯುವುದು ಮೊಬೈಲನ್ನೇ. ಓದು ಎಂದು ನೂರು ಸಲ ಹೇಳುವುದಕ್ಕಿಂತ ಅಪ್ಪನೋ ಅಮ್ಮನೋ ಓದುತ್ತಾ ಕೂತಿರುವುದನ್ನು ಅದು ಒಮ್ಮೆ ನೋಡಿದರೂ ಮೇಲು. ಸುಮನೋಬಾಣನಂತೆ ಎಲ್ಲ ಅಜ್ಜಂದಿರೂ ಪಂಡಿತರಾಗಬೇಕಿಲ್ಲ. ಸಂಜೆಯ ಪ್ರಾರ್ಥನೆಯ ಬಳಿಕ ಹದಿನೈದು ನಿಮಿಷ ಮನೆಯವರೆಲ್ಲ ಕೂತು ಓದಬಹುದು. ಚೆನ್ನಾಗಿ ಕಂಡ ಸಾಲನ್ನು ಗಟ್ಟಿಯಾಗಿ ಓದಿ ಹೇಳಬಹುದು. ಧರ್ಮಕೇಂದ್ರದಲ್ಲಿ ಪುಸ್ತಕದ ಕಪಾಟು ಇದ್ದರೆ ಅದರ ಬೀಗ ತೆಗೆಸಿ, ಮೊದಲ ಪುಸ್ತಕವನ್ನು ದೊಡ್ಡವರಾದ ನಾವೇ ಪಡೆಯೋಣ. ಮಕ್ಕಳು ನೋಡುತ್ತಿರಲಿ.