ಬಿರುದುಗಳನ್ನು ಕಳಚಿದ ಅರಸ: ಗಂಗ ಮಾರಸಿಂಹ

ರಾಜ್ಯಲಕ್ಷ್ಮಿಯು ಚಂಚಲೆಯೆಂಬ ಮಾತನ್ನು ಕೇಳದ ಶ್ರಾವಕರಿಲ್ಲ. ಅದನ್ನು ತನ್ನ ಬಾಳಿನಲ್ಲಿ ಕಂಡು, ವ್ರತದಿಂದ ಆ ಬಾಳಿಗೆ ಮಂಗಳ ಹಾಡಿದ ಅರಸರಲ್ಲಿ ತಲಕಾಡಿನ ಗಂಗವಂಶದ ಇಮ್ಮಡಿ ಮಾರಸಿಂಹನು ಅಗ್ರಗಣ್ಯನು.

ಇಮ್ಮಡಿ ಬೂತುಗನ ಪುತ್ರನಾದ ಈತನು ಕ್ರಿ.ಶ. 963ರಿಂದ 974ರವರೆಗೆ ಆಳಿದನು. ಗಂಗರ ಅರಸುತನದ ಹೆಸರುಗಳೇ ಗಂಭೀರವಾದುವು: ಸತ್ಯವಾಕ್ಯ, ಕೊಂಗುಣಿವರ್ಮ, ಧರ್ಮಮಹಾರಾಜಾಧಿರಾಜ, ಪೆರ್ಮಾನಡಿ. ಇವು ವಂಶಪರಂಪರೆಯಿಂದ ಬಂದವು. ಉಳಿದವು ಖಡ್ಗದಿಂದ ಗಳಿಸಿದವು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನಿಗಾಗಿ ಉತ್ತರದೇಶವನ್ನು ಗೆದ್ದುದರಿಂದ ಗುರ್ಜರಾಧಿರಾಜನೆನಿಸಿದನು. ಉಚ್ಚಂಗಿಯ ಕೋಟೆಯನ್ನು ಹಿಡಿದು ನೊಳಂಬರನ್ನು ಮುರಿದುದರಿಂದ ನೊಳಂಬಕುಲಾಂತಕನಾದನು. ಮಾಂಡಲಿಕತ್ರಿಣೇತ್ರ, ಗಂಗಚೂಡಾಮಣಿ ಎಂಬಿವೂ ಅವನವೇ. ವೀರಮಾರ್ತಾಂಡನೆನಿಸಿದ ಚಾವುಂಡರಾಯನು ಅವನಿಗೆ ಮಂತ್ರಿಯಾಗಿದ್ದನು. ಯುದ್ಧಗಳ ನಡುವೆಯೂ ಮಾರಸಿಂಹನು ಹಲವೆಡೆ ಬಸದಿಗಳನ್ನೂ ಮಾನಸ್ತಂಭಗಳನ್ನೂ ಕಟ್ಟಿಸಿದನು.

ಕ್ರಿ.ಶ. 973ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನು ರಾಷ್ಟ್ರಕೂಟ ಇಮ್ಮಡಿ ಕರ್ಕನನ್ನು ಸೋಲಿಸಿದನು. ತನ್ನ ಸೋದರಳಿಯನಾದ ನಾಲ್ಮಡಿ ಇಂದ್ರನಿಗೆ ಮಾರಸಿಂಹನು ಪಟ್ಟಗಟ್ಟಿದನು; ಆದರೆ ಕುಸಿದ ಸಾಮ್ರಾಜ್ಯವು ಮತ್ತೆ ಮೇಲೇಳಲಿಲ್ಲ. ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನಾವ್ರತವನ್ನು ನೋಂತು ಸಮಾಧಿಮರಣವನ್ನು ಪಡೆದನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಣ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನ ವಿಜಯಗಳನ್ನೂ ಈ ವ್ರತವನ್ನೂ ಒಂದೇ ಶಿಲೆಯಲ್ಲಿ ನಿಲ್ಲಿಸಿದೆ.

ಇದು ಸೋತವನ ನಿರಾಶೆಯಲ್ಲವೇ ಎಂದು ಶಂಕಿಸುವವರುಂಟು. ಅಂತರಂಗವು ಕೇವಲಿಗಮ್ಯ, ಆದರೆ ವ್ರತದ ವಿಧಿಯನ್ನು ವಿಚಾರಿಸಿದರೆ ನಿರಾಶೆಗೆ ಅಲ್ಲಿ ಎಡೆಯಿಲ್ಲವೆಂಬುದು ತಿಳಿಯುತ್ತದೆ. ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ ಎಂಬ ಐದು ಸಲ್ಲೇಖನೆಯ ಅತಿಚಾರಗಳು. ಬದುಕಬೇಕೆಂಬ ಆಸೆಯಂತೆಯೇ ಬೇಗ ಸಾಯಬೇಕೆಂಬ ಆಸೆಯೂ ದೋಷವೇ. ಅರಸನಿಗಂತೂ ನಿದಾನವು ದುಸ್ತರವಾದುದು. ಈ ಉಪವಾಸದ ಫಲವಾಗಿ ಮುಂದಿನ ಭವದಲ್ಲಿ ಚಕ್ರವರ್ತಿಯಾಗುವೆನೆಂದು ಒಮ್ಮೆ ಬಯಸಿದರೂ ಬಿಟ್ಟ ಸಿಂಹಾಸನವನ್ನು ಮನಸ್ಸಿನಲ್ಲಿ ಮತ್ತೆ ಏರಿದಂತೆ.

ಮತ್ತೊಂದು ವಿಚಾರವೂ ಉಂಟು. ಸಲ್ಲೇಖನೆಗೆ ಅಣಿಯಾಗುವವನು ಸ್ನೇಹವನ್ನೂ ವೈರವನ್ನೂ ಪರಿಗ್ರಹವನ್ನೂ ಬಿಟ್ಟು, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದಲೂ ಕ್ಷಮೆಯನ್ನು ಬೇಡಿ, ಮಾಡಿದ ಪಾಪಗಳನ್ನು ಮರೆಮಾಚದೆ ಆಲೋಚನೆ ಮಾಡಬೇಕು. ನೊಳಂಬಕುಲಾಂತಕನೆಂಬ ಹೆಸರಿನಲ್ಲಿಯೇ ವೈರವಿದೆ. ಜನರು ಹೊಗಳಿ ಕೊಟ್ಟ ಆ ಹೆಸರು ವ್ರತಿಗೆ ಪಶ್ಚಾತ್ತಾಪದ ವಿಷಯವಾಗುತ್ತದೆ. ಧನಕನಕಗಳನ್ನು ತೊರೆಯುವುದಕ್ಕಿಂತ ಬಿರುದನ್ನು ತೊರೆಯುವುದು ಕಷ್ಟ. ಏಕೆಂದರೆ ಮಾನಕಷಾಯವು ಹೊರಗಣ ಪರಿಗ್ರಹವಲ್ಲ, ಒಳಗಿನದು.

ಮಾರಸಿಂಹನು ಕಟ್ಟಿದ ಪಟ್ಟವು ಇಂದ್ರನಿಗೆ ನಿಲ್ಲಲಿಲ್ಲ. ಆ ಇಂದ್ರನೂ ಕ್ರಿ.ಶ. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನೆಯಿಂದಲೇ ದೇಹವನ್ನು ಬಿಟ್ಟನು.

ಗೃಹಸ್ಥರಿಗೆ ರಾಜ್ಯವಿಲ್ಲದಿರಬಹುದು, ಬಿರುದುಗಳು ಇಲ್ಲದಿಲ್ಲ. ಯಜಮಾನ, ಧನಿಕ, ವಿದ್ವಾಂಸ, ಕಡೆಗೆ ಉಪವಾಸಿ ಎಂಬ ಹೆಗ್ಗಳಿಕೆಯೂ ಬಿರುದೇ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಂದು ಆಹಾರದೊಡನೆ ಅಂಥ ಒಂದು ಬಿರುದನ್ನೂ ತ್ಯಜಿಸುವ ಅಭ್ಯಾಸ ಮಾಡಿದವರಿಗೆ ಅಂತ್ಯಕಾಲದ ತ್ಯಾಗವು ಹೊಸದೆನಿಸದು.