ದಂಡು, ಊರು, ಚಾಳು: ಭೀಮರಾವ್ ಅಂಬೇಡ್ಕರರ ಬಾಲ್ಯದ ನೆರೆಹೊರೆಗಳು

ಡಾ. ಬಿ. ಆರ್. ಅಂಬೇಡ್ಕರರ ಜೀವನಚರಿತ್ರೆಗಳು ಸಾಮಾನ್ಯವಾಗಿ ಅವರ ಬಾಲ್ಯವನ್ನು ಅವಮಾನಗಳ ಒಂದು ಸರಣಿಯಾಗಿ ನಿರೂಪಿಸುತ್ತವೆ. ಆ ನಿರೂಪಣೆ ಸುಳ್ಳಲ್ಲ. ಆದರೆ ಈ ಅವಮಾನಗಳು ನಡೆದ ಜಾಗಗಳು ಒಂದೇ ಬಗೆಯವಾಗಿರಲಿಲ್ಲ ಎಂಬ ಸಂಗತಿ ಅದರಲ್ಲಿ ಹಿಂದೆ ಸರಿದುಬಿಡುತ್ತದೆ. ಹದಿನಾರರ ಹರೆಯ ತಲುಪುವುದರೊಳಗೆ ಅವರು ಪರಸ್ಪರ ಹೋಲಿಕೆಯಿಲ್ಲದ ಮೂರು ಬಗೆಯ ವಸತಿಗಳ ಪ್ರಭಾವಕ್ಕೆ ಒಳಗಾಗಿದ್ದರು: ಸೈನಿಕರ ದಂಡು, ಜಾತಿಯ ಕಟ್ಟಳೆಗಳಿಗೆ ಒಳಪಟ್ಟ ಊರು, ಗಿರಣಿ ಕಾರ್ಮಿಕರ ಚಾಳು. ಒಂದರಿಂದ ಮತ್ತೊಂದಕ್ಕೆ ದಾಟಿದ ಈ ಅನುಭವವೇ ಅವರ ಮುಂದಿನ ಚಿಂತನೆಯ ಒಂದು ಮುಖ್ಯ ಎಳೆಯನ್ನು ರೂಪಿಸಿತೆಂದು ಹೇಳಲು ಸಾಕಷ್ಟು ಆಧಾರವಿದೆ.

ಭೀಮರಾವ್ ಜನಿಸಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡಿನಲ್ಲಿ. ರಾಮಜಿ ಸಕ್ಪಾಲ್ ಮತ್ತು ಭೀಮಾಬಾಯಿ ದಂಪತಿಗಳಿಗೆ ಅವರು ಹದಿನಾಲ್ಕನೆಯ ಮಗು. ಕುಟುಂಬದ ಮೂಲ ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ. ಆದರೆ ಅಜ್ಜ ಮಾಲೋಜಿಯವರ ಕಾಲದಿಂದಲೇ ಮನೆತನವು ಸೈನ್ಯದ ಆಶ್ರಯಕ್ಕೆ ಬಂದಿದ್ದುದರಿಂದ, ಊರಿನ ಮಹಾರವಾಡದೊಂದಿಗೆ ಅದರ ದೈನಂದಿನ ಸಂಬಂಧ ಬಹುಮಟ್ಟಿಗೆ ಕಳಚಿತ್ತು. ಊರಿನಲ್ಲಿ ಮಹಾರರಿಗೆ ಕಟ್ಟುಪಾಡಿನ ಚಾಕರಿ ಇತ್ತು. ದಂಡಿನಲ್ಲಿ ಸಂಬಳ, ದರ್ಜೆ, ಸಮವಸ್ತ್ರ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಶಾಲೆಯಿತ್ತು. ಸುಬೇದಾರರಾಗಿದ್ದ ರಾಮಜಿಯವರು ಸೈನ್ಯದ ಶಾಲೆಯಲ್ಲಿ ಹಲವು ವರ್ಷ ಮುಖ್ಯೋಪಾಧ್ಯಾಯರಾಗಿದ್ದರು. ಮರಾಠಿ, ಇಂಗ್ಲಿಷ್ ಮತ್ತು ಗಣಿತಗಳಲ್ಲಿ ಅವರಿಗೆ ಒಳ್ಳೆಯ ಪರಿಶ್ರಮವಿತ್ತು.

ಮಹೂವಿನ ನೆನಪು ಬಾಲಕ ಭೀಮರಾವನಿಗೆ ಉಳಿದಿರುವ ಸಾಧ್ಯತೆ ಕಡಿಮೆ. ತಂದೆ ನಿವೃತ್ತರಾಗಿ ಕುಟುಂಬವು ಕೊಂಕಣದ ದಾಪೋಲಿಗೆ ಬಂದಾಗ ಅವನಿನ್ನೂ ಎಳೆಯ ಮಗು. ಆದಾಗ್ಯೂ ದಂಡು ಅವನನ್ನು ಬಿಡಲಿಲ್ಲ. ದಾಪೋಲಿ ನಿವೃತ್ತ ಸೈನಿಕರು ನೆಲೆಸಿದ್ದ ಸ್ಥಳ. ಅಲ್ಲದೆ ದಂಡಿನ ಶಿಸ್ತು ತಂದೆಯ ದಿನಚರಿಯಾಗಿ ಮನೆಯೊಳಗೇ ಮುಂದುವರಿದಿತ್ತು. ಕಬೀರಪಂಥಿಯಾಗಿದ್ದ ರಾಮಜಿಯವರ ಮನೆಯಲ್ಲಿ ಮಕ್ಕಳಿಗೆ ಭಜನೆ, ಪುರಾಣಪಠಣ, ಭಾಷಾಂತರದ ಅಭ್ಯಾಸಗಳು ತಪ್ಪುತ್ತಿರಲಿಲ್ಲ. ಹೊರಗಿನ ನೆರೆಹೊರೆ ಬದಲಾದರೂ ಹಿಂದಿನದೊಂದು ನೆರೆಹೊರೆಯ ಮೌಲ್ಯಗಳು ಮನೆಯ ಗೋಡೆಗಳ ನಡುವೆ ಜೀವಂತವಾಗಿ ಉಳಿದದ್ದು ಈ ಬಾಲ್ಯದ ವೈಶಿಷ್ಟ್ಯ. ಇದೇ ದಶಕದ ಆರಂಭದಲ್ಲಿ ಬ್ರಿಟಿಷ್ ಆಡಳಿತವು ಮಹಾರರ ಸೈನಿಕ ನೇಮಕಾತಿಯನ್ನು ನಿಲ್ಲಿಸಿತು. ಭೀಮರಾವ್ ಕೆಲವು ವರ್ಷ ತಡವಾಗಿ ಅಂಥ ಮನೆಯಲ್ಲಲ್ಲದೆ ಬೇರೆಡೆ ಹುಟ್ಟಿದ್ದರೆ ಈ ಬಾಗಿಲು ಅವರ ಪಾಲಿಗೆ ಮುಚ್ಚಿರುತ್ತಿತ್ತು.

ಅನಂತರ ಬಂದದ್ದು ಸಾತಾರಾ. ಅಲ್ಲಿ ತಾಯಿ ತೀರಿಕೊಂಡರು. ಸೋದರತ್ತೆ ಮೀರಾಬಾಯಿ ಮಕ್ಕಳನ್ನು ಸಾಕಿದರು. 1900ರ ನವೆಂಬರ್ 7ರಂದು ಭೀಮರಾವನ ಹೆಸರು ಸಾತಾರಾದ ಸರಕಾರಿ ಪ್ರೌಢಶಾಲೆಯ ದಾಖಲೆ ಸೇರಿತು. ಆ ತರಗತಿಯಲ್ಲಿ ಅವನು ಕುಳಿತದ್ದು ಮೂಲೆಯಲ್ಲಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಶಾಲೆ ಬಿಟ್ಟ ಮೇಲೆ ಆ ಗೋಣಿತಟ್ಟನ್ನು ಹೊತ್ತು ತರಬೇಕಾಗಿತ್ತು, ಏಕೆಂದರೆ ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನನಿಲ್ಲದ ದಿನ ನೀರೂ ಇಲ್ಲ. ಹಣ ಕೊಡುವ ಶಕ್ತಿಯಿದ್ದರೂ ಅಗಸ ಬಟ್ಟೆ ಒಗೆಯುತ್ತಿರಲಿಲ್ಲ, ಕ್ಷೌರಿಕ ಕೂದಲು ಕತ್ತರಿಸುತ್ತಿರಲಿಲ್ಲ. ಕ್ಷೌರದ ಕೆಲಸ ಅಕ್ಕನ ಪಾಲಿನದಾಗಿತ್ತು.

ಅಂಬೇಡ್ಕರರು ಮುಂದೆ ಬರೆದ ಆತ್ಮಕಥನಾತ್ಮಕ ಬರಹದಲ್ಲಿ ಈ ಸಂಗತಿಗಳು ಬರುವ ರೀತಿ ಗಮನಾರ್ಹವಾಗಿದೆ. ಅವು ಬಾಲಕನಿಗೆ ಪರಿಚಿತವಾಗಿದ್ದ, ನಿತ್ಯದ ವ್ಯವಸ್ಥೆಯಂತೆ ಅಲ್ಲಿ ದಾಖಲಾಗಿವೆ. ಆಘಾತವಾಗಿ ನಿರೂಪಿತವಾಗಿರುವುದು ಬೇರೊಂದು ಘಟನೆ. 1901ರ ಬೇಸಿಗೆ ರಜೆಯಲ್ಲಿ ಹತ್ತರ ಆಸುಪಾಸಿನ ಭೀಮರಾವ್, ಅವನ ಅಣ್ಣ ಮತ್ತು ಅಕ್ಕನ ಇಬ್ಬರು ಮಕ್ಕಳು ತಂದೆ ಕೆಲಸದಲ್ಲಿದ್ದ ಕೋರೆಗಾಂವಿಗೆ ಹೊರಟರು. ಹೊಸ ಅಂಗಿ, ಟೋಪಿ ಧರಿಸಿದ್ದ ಮಕ್ಕಳು ಮಸೂರು ನಿಲ್ದಾಣದಲ್ಲಿ ಇಳಿದಾಗ ಸ್ಟೇಷನ್ ಮಾಸ್ತರರು ಅವರನ್ನು ಮೇಲ್ಜಾತಿಯವರೆಂದೇ ಭಾವಿಸಿದ್ದರು. ಜಾತಿ ತಿಳಿದೊಡನೆ ಅವರ ಮುಖಭಾವ ಬದಲಾಯಿತು. ಇಮ್ಮಡಿ ಬಾಡಿಗೆಗೆ ಒಪ್ಪಿದ ಗಾಡಿಯವನು ಎತ್ತುಗಳನ್ನು ಮಕ್ಕಳ ಕೈಗೇ ಕೊಟ್ಟು ತಾನು ಪಕ್ಕದಲ್ಲಿ ನಡೆದುಬಂದನು. ಬುತ್ತಿಯಿತ್ತು, ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ, ಮುಸಲ್ಮಾನನೆಂದು ಹೇಳಿಕೊಂಡು ಉರ್ದುವಿನಲ್ಲಿ ನೀರು ಕೇಳಿದರೂ ದೊರೆಯಲಿಲ್ಲ. ಸೈನಿಕ ಮನೆತನದ ಆ ಹುಡುಗನಿಗೆ ಉರ್ದು ಸಲೀಸಾಗಿ ಬರುತ್ತಿತ್ತೆಂಬುದು ಇಲ್ಲಿ ಕೇವಲ ಆನುಷಂಗಿಕ ವಿವರವಲ್ಲ.

ನಿತ್ಯ ವಾಸಿಸುವ ಜಾಗವು ತನ್ನ ಕಟ್ಟಳೆಗಳನ್ನು ಸಹಜವೆಂಬಂತೆ ಮಗುವಿಗೆ ರೂಢಿಸುತ್ತದೆ. ಪರಿಚಿತ ವಲಯದಿಂದ ಒಂದು ದಿನದ ಮಟ್ಟಿಗೆ ಹೊರಬಿದ್ದಾಗ ಅದೇ ಕಟ್ಟಳೆ ಅಸಹಜವಾಗಿ ಕಂಡಿತು. ಗೋಣಿತಟ್ಟಿನ ಮೇಲೆ ವರ್ಷಗಟ್ಟಲೆ ಕುಳಿತ ಹುಡುಗನಿಗೆ ಅಸ್ಪೃಶ್ಯತೆಯನ್ನು ಒಂದು ಪ್ರಶ್ನೆಯನ್ನಾಗಿಸಿದ್ದು ಮಸೂರಿನ ರಸ್ತೆ.

ಮುಂಬಯಿಗೆ ಬಂದ ಕುಟುಂಬ ಪರೇಲಿನ ಡಬಕ್ ಚಾಳಿನ ಒಂದೇ ಕೋಣೆಯಲ್ಲಿ ನೆಲೆಸಿತು. ಅಡುಗೆ, ಸೌದೆ, ಬೀಸುಕಲ್ಲು, ಒಂದು ಆಡು, ಎಲ್ಲವೂ ಅದರೊಳಗೇ. ಸಂಜೆ ಬೇಗ ಮಲಗಿದ ಹುಡುಗನನ್ನು ರಾಮಜಿಯವರು ತಾವು ಎಚ್ಚರವಿದ್ದು ನಸುಕಿನ ಎರಡು ಗಂಟೆಗೆ ಎಬ್ಬಿಸುತ್ತಿದ್ದರು. ಚಾಳಿನ ಗದ್ದಲ ಅಡಗಿದ ಆ ಹೊತ್ತೇ ಓದಿನ ಹೊತ್ತು. ಸಾಲ ಮಾಡಿಯಾದರೂ, ಹೆಣ್ಣುಮಕ್ಕಳ ಒಡವೆ ಒತ್ತೆಯಿಟ್ಟಾದರೂ ಪುಸ್ತಕ ತರುತ್ತಿದ್ದರು. ನಗರವು ಜಾತಿಯನ್ನು ಅಳಿಸಿರಲಿಲ್ಲ. ಎಲ್ಫಿನ್‌ಸ್ಟನ್ ಪ್ರೌಢಶಾಲೆಯಲ್ಲಿ ಭೀಮರಾವನನ್ನು ಕರಿಹಲಗೆಯ ಬಳಿಗೆ ಕರೆದಾಗ, ಅದರ ಹಿಂದೆ ಬುತ್ತಿಯ ಡಬ್ಬಿಗಳನ್ನಿಟ್ಟಿದ್ದ ಸಹಪಾಠಿಗಳು ಓಡಿಬಂದು ಅವನ್ನು ಎತ್ತಿಕೊಂಡರು. ಸಂಸ್ಕೃತ ಕಲಿಯಲು ಅವಕಾಶ ಸಿಗದೆ ಪರ್ಷಿಯನ್ ಆರಿಸಿಕೊಳ್ಳಬೇಕಾಯಿತು. ಆದರೆ ಊರಿನಲ್ಲಿ ಇಲ್ಲದ ಒಂದು ಅನುಕೂಲ ಇಲ್ಲಿತ್ತು: ಯಾರೂ ಹೋಗಿ ಕುಳಿತುಕೊಳ್ಳಬಹುದಾದ ಸಾರ್ವಜನಿಕ ಜಾಗ. ಚರ್ನಿ ರೋಡ್ ಉದ್ಯಾನದಲ್ಲಿ ದಿನವೂ ಓದುತ್ತ ಕುಳಿತಿರುತ್ತಿದ್ದ ಹುಡುಗನನ್ನು ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಎಂಬ ಅಧ್ಯಾಪಕರು ಗುರುತಿಸಿದರು. 1907ರಲ್ಲಿ ಅವನು ಮೆಟ್ರಿಕ್ಯುಲೇಷನ್ ಮುಗಿಸಿದಾಗ ಏರ್ಪಟ್ಟ ಅಭಿನಂದನಾ ಸಭೆಯಲ್ಲಿ, ತಾವೇ ರಚಿಸಿದ ಮರಾಠಿ ಬುದ್ಧಚರಿತ್ರೆಯನ್ನು ಅವನಿಗಿತ್ತರು. ಬರೋಡಾ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿಯ ನೆರವು ದೊರೆಯುವಂತೆ ಮಾಡಿದವರೂ ಅವರೇ. ಸಾತಾರಾದಲ್ಲಿ ಇಂಥ ಆಕಸ್ಮಿಕ ಭೇಟಿಗೆ ಸ್ಥಳವೇ ಇರಲಿಲ್ಲ.

ಕೊಲಂಬಿಯಾ ಮತ್ತು ಲಂಡನ್ನಿನ ವರ್ಷಗಳು ಪ್ರಸಿದ್ಧವಾದವು. ಅವುಗಳಷ್ಟು ಚರ್ಚೆಗೆ ಬಾರದ ಸಂಗತಿಯೆಂದರೆ, ಆ ಪದವಿಗಳನ್ನು ಪಡೆದು ಬಂದ ಅಂಬೇಡ್ಕರರು ಮತ್ತೆ ಪರೇಲಿಗೇ ಮರಳಿದರು. 1896ರ ಪ್ಲೇಗಿನ ತರುವಾಯ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿಸಿದ ಚಾಳಿನ ಎರಡು ಕೋಣೆಗಳಲ್ಲಿ ಕುಟುಂಬ 1912ರಿಂದ ವಾಸವಾಗಿತ್ತು. ದಾದರಿನ ರಾಜಗೃಹಕ್ಕೆ ಹೋಗುವವರೆಗೆ, ಅಂದರೆ 1930ರ ದಶಕದ ಮೊದಲ ವರ್ಷಗಳವರೆಗೆ, ಅದೇ ಅವರ ಮನೆ. ಗಿರಣಿಗಳ ನೇಯ್ಗೆ ವಿಭಾಗದಲ್ಲಿ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ಲಾಳಿಗೆ ನೂಲು ಸೇರಿಸುವಾಗ ಬಾಯಿಂದ ಎಳೆಯಬೇಕಾಗುತ್ತಿದ್ದುದೇ ಅದಕ್ಕೆ ಕೊಡುತ್ತಿದ್ದ ಕಾರಣ. ಕಾರ್ಮಿಕ ಚಳವಳಿಯ ನಾಯಕರ ಮುಂದೆ ಅವರು ಈ ಪ್ರಶ್ನೆಯನ್ನು ಎತ್ತಿದಾಗ, ಅದು ಗ್ರಂಥಗಳಿಂದ ತಿಳಿದ ವಿಷಯವಾಗಿರಲಿಲ್ಲ. ಚಾಳಿನ ನೆರೆಯವರ ಬದುಕಾಗಿತ್ತು. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡ ಕೈ, ಸಾತಾರಾದ ಶಾಲೆಯ ನಲ್ಲಿಯನ್ನು ಮುಟ್ಟಲಾಗದಿದ್ದ ಕೈಯೇ.

ಶಿಕ್ಷಣವೆಂದರೆ ಶಾಲೆಯಷ್ಟೇ ಎಂದು ಅವರು ಭಾವಿಸಲಿಲ್ಲ. 1924ರಲ್ಲಿ ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಮೊದಲ ಕೆಲಸಗಳಲ್ಲಿ ಸೋಲಾಪುರದ ವಿದ್ಯಾರ್ಥಿನಿಲಯವೂ ಒಂದು. 1928ರಲ್ಲಿ ಆರಂಭವಾದ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ನಡೆದ ನಿಲಯಗಳಲ್ಲಿ ಧಾರವಾಡದ್ದು ಕನ್ನಡನಾಡಿಗೆ ಸೇರಿದ್ದು. ಬಲವಂತರಾವ್ ವರಾಳೆಯವರು ಅದರ ಹೊಣೆ ಹೊತ್ತಿದ್ದರು. ಹುಡುಗ ಕೇರಿಯಲ್ಲೇ ಉಳಿದು ಶಾಲೆಗೆ ಹೋಗಿಬಂದರೆ ಸಾಲದು, ಅವನು ಮಲಗುವ, ಉಣ್ಣುವ, ದೀಪ ಹಚ್ಚಿ ಓದುವ ಜಾಗವೇ ಬೇರೆಯಾಗಬೇಕೆಂಬ ತಿಳಿವು ಈ ನಿಲಯಗಳ ಹಿಂದಿದೆ. ಡಬಕ್ ಚಾಳಿನಲ್ಲಿ ರಾಮಜಿಯವರು ನಸುಕಿನಲ್ಲಿ ಒದಗಿಸಿದ ಅವಕಾಶಕ್ಕೆ ಇಲ್ಲಿ ಸಾಂಸ್ಥಿಕ ರೂಪ ದೊರೆಯಿತೆನ್ನಬಹುದು.

1942ರ ನಾಗಪುರ ಸಮಾವೇಶದಲ್ಲಿ ಬೇಡಿಕೆ ಇನ್ನೂ ಮುಂದೆ ಹೋಯಿತು: ಪರಿಶಿಷ್ಟರಿಗಾಗಿ ಪ್ರತ್ಯೇಕ ಗ್ರಾಮಗಳು. 1947ರಲ್ಲಿ ಸಿದ್ಧಪಡಿಸಿದ ಮನವಿಪತ್ರದಲ್ಲಿಯೂ ಅದು ಉಳಿಯಿತು. ಮರುವರ್ಷದ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಭಾರತದ ಗ್ರಾಮವನ್ನು ಅವರು ಕಟುವಾಗಿ ಟೀಕಿಸಿದಾಗ ಹಲವು ಸದಸ್ಯರು ಆಕ್ಷೇಪಿಸಿದರು, ಎಚ್. ವಿ. ಕಾಮತರಿಗೆ ಅದು ನಗರವಾಸಿ ಪಂಡಿತನೊಬ್ಬನ ದೃಷ್ಟಿಯಾಗಿ ಕಂಡಿತು. ಅಂಬೇಡ್ಕರರು ಗ್ರಾಮದಲ್ಲಿ ಬೆಳೆದವರಲ್ಲ ಎಂಬುದು ನಿಜವೇ. ಆದರೆ ದಂಡಿನ ಮಗನಾಗಿ ಊರನ್ನು ಪ್ರವೇಶಿಸಿದ್ದರಿಂದಲೇ, ಊರಿನೊಳಗಿದ್ದವರಿಗೆ ಸಹಜವಾಗಿದ್ದುದು ಅವರಿಗೆ ಹಾಗೆ ಕಾಣಲಿಲ್ಲ ಎಂಬ ಅಂಶವನ್ನು ಆ ಟೀಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರತ್ಯೇಕ ಗ್ರಾಮಗಳ ಬೇಡಿಕೆ ಅಂಗೀಕೃತವಾಗಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳು ಹೆಸರಿಸಲ್ಪಟ್ಟವು. ಮನೆಗಳು ಎಲ್ಲಿ ನಿಲ್ಲಬೇಕೆಂಬುದು ಆ ಪಟ್ಟಿಯಲ್ಲಿ ಸೇರಲಿಲ್ಲ.