ದಾದಾಸಾಹೇಬ್ ಫಾಲ್ಕೆ ಮತ್ತು ಅವರ ಮನೆಯವರು



ಈ ಸಲದ ಗೋಡೆಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ಮಹನೀಯರ ಜೀವನ ಬರೆಯಬೇಕು ಅಂತ ಮೇಷ್ಟ್ರು ಹೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಎಲ್ಲರೂ ಮೊದಲ ದಿನವೇ ಹಂಚಿಹೋದರು. ನಾನು ದಾದಾಸಾಹೇಬ್ ಫಾಲ್ಕೆಯವರನ್ನು ಕೇಳಿ ತೆಗೆದುಕೊಂಡೆ. ಯಾಕೆಂದರೆ ನಮ್ಮದು ಕ್ಯಾಮರಾ ಮನೆ. ಅಪ್ಪ ಮತ್ತು ಚಿಕ್ಕಪ್ಪ ಮದುವೆ, ನಾಮಕರಣಗಳಿಗೆ ವಿಡಿಯೋ ಕ್ಯಾಮರಾ, ಸ್ಟ್ಯಾಂಡು, ಎರಡು ಲೈಟು ಬಾಡಿಗೆಗೆ ಕೊಡುತ್ತಾರೆ. ಅದನ್ನು ತಂದದ್ದು ಅವ್ವನ ಬಳೆ ಅಡವಿಟ್ಟು. ಬಳೆ ಇನ್ನೂ ಬಿಡಿಸಿಲ್ಲ.

ಫಾಲ್ಕೆಯವರ ಪೂರ್ತಿ ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ. 1870ನೇ ಇಸವಿ ಏಪ್ರಿಲ್ 30ರಂದು ನಾಸಿಕದ ಹತ್ತಿರದ ತ್ರ್ಯಂಬಕದಲ್ಲಿ ಜನಿಸಿದರು. ಅವರ ತಂದೆ ಸಂಸ್ಕೃತ ಪಂಡಿತರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ, ಆಮೇಲೆ ಬರೋಡದ ಕಲಾಭವನದಲ್ಲಿ ಚಿತ್ರ ಬರೆಯುವುದು, ಫೋಟೋ ತೆಗೆಯುವುದು ಕಲಿತರು. ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಆದರೆ ಅಲ್ಲಿ ಪ್ಲೇಗು ಬಂದು ಮೊದಲ ಹೆಂಡತಿಯೂ ಮಗುವೂ ತೀರಿಕೊಂಡರು. ಊರು ಬಿಟ್ಟರು. ಜಾದೂ ಕಲಿತರು, ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿದರು, ಅದನ್ನೂ ಬಿಟ್ಟು ಲೋನಾವಳದಲ್ಲಿ ಪ್ರೆಸ್ಸು ಹಾಕಿದರು, ಪಾಲುದಾರರ ಜೊತೆ ಸರಿಹೋಗದೆ ಅದೂ ಬಿಟ್ಟುಹೋಯಿತು. ಒಂದರಲ್ಲೂ ನೆಲೆ ನಿಲ್ಲಲಿಲ್ಲ. ನನಗೆ ಓದುವಾಗ ಸ್ವಲ್ಪ ಸಿಟ್ಟೇ ಬಂತು.

1902ರಲ್ಲಿ ಅವರಿಗೆ ಎರಡನೇ ಮದುವೆ ಆಗಿತ್ತು. ಮದುವೆ ಆದ ಮೇಲೆ ಹುಡುಗಿಯ ಹೆಸರು ಸರಸ್ವತಿ ಆಯಿತು. ನಾನು ಬರೆಯಬೇಕು ಅಂದುಕೊಂಡಿದ್ದು ಇವರ ವಿಷಯವೇ.

ನಲವತ್ತರ ವಯಸ್ಸಿನ ಸುಮಾರಿಗೆ ಫಾಲ್ಕೆ ಮುಂಬಯಿಯ ಟೆಂಟಿನಲ್ಲಿ ಏಸುಕ್ರಿಸ್ತನ ಜೀವನದ ಮೂಕಿಚಿತ್ರ ನೋಡಿದರು. ನಮ್ಮ ರಾಮ, ಕೃಷ್ಣರನ್ನೂ ಹೀಗೆ ಪರದೆ ಮೇಲೆ ನಡೆಸಬಹುದಲ್ಲ ಅನ್ನಿಸಿತು. ಅಲ್ಲಿಂದ ಹುಚ್ಚು ಹಿಡಿದ ಹಾಗಾಯಿತು. ದಿನಾ ಸಿನಿಮಾ ನೋಡಿ, ರಾತ್ರಿ ನಿದ್ದೆಗೆಟ್ಟು ಪ್ರಯೋಗ ಮಾಡಿ ಕಣ್ಣೇ ಹೋಗುವಂತಾಯಿತು. ವೈದ್ಯರು ಚಿಕಿತ್ಸೆ ಮಾಡಿ ಉಳಿಸಿದರು. ಕಣ್ಣು ಸರಿಹೋದದ್ದೇ ತಡ, ವಿಮಾ ಪಾಲಿಸಿ ಅಡವಿಟ್ಟು 1912ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೊರಟರು! ಅಲ್ಲಿ ಹೆಪ್‌ವರ್ತ್ ಎಂಬುವರ ಸ್ಟುಡಿಯೋದಲ್ಲಿ ಕೆಲಸ ನೋಡಿ ಕಲಿತರು. 50 ಪೌಂಡ್ ಕೊಟ್ಟು ವಿಲಿಯಮ್ಸನ್ ಕ್ಯಾಮರಾ ಕೊಂಡು ವಾಪಸ್ ಬಂದರು.

ಕ್ಯಾಮರಾ ಏನೋ ಬಂತು, ಸಾಲ ಕೊಡುವವರು ನಂಬಬೇಕಲ್ಲ. ಅದಕ್ಕೆ ಒಂದು ಉಪಾಯ ಮಾಡಿದರು. ಕುಂಡದಲ್ಲಿ ಬಟಾಣಿ ಕಾಳು ಹಾಕಿ ಅದರ ಮುಂದೆ ಕ್ಯಾಮರಾ ಇಟ್ಟು ದಿನಾ ಸ್ವಲ್ಪ ಸ್ವಲ್ಪ ಚಿತ್ರ ತೆಗೆದರು. ತೋರಿಸಿದಾಗ ಒಂದೇ ನಿಮಿಷದಲ್ಲಿ ಕಾಳು ಮೊಳೆತು ಗಿಡವಾಯಿತು. ಹಣ ಹುಟ್ಟಿತು. ಅದೂ ಸಾಲದೆ ಬಂದಾಗ ಸರಸ್ವತಿಬಾಯಿ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಈ ಸಾಲು ಓದುವಾಗ ಅವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ ಇನ್ನೊಂದು ಸಲ ಓದು ಅಂದಳು.

ಆಗಿನ ಫಿಲಂ ಸುರುಳಿಗೆ ಅಂಚಿನಲ್ಲಿ ತೂತು ಇರುತ್ತಿರಲಿಲ್ಲ. ಸಾಲಾಗಿ ತೂತು ಇದ್ದರೆ ತಾನೇ ಕ್ಯಾಮರಾದ ಹಲ್ಲು ಅದನ್ನು ಹಿಡಿದು ಎಳೆಯುವುದು. ಬೆಳಕು ಬಿದ್ದರೆ ಫಿಲಂ ಹಾಳು. ಹಾಗಾಗಿ ಆ ತೂತು ಹೊಡೆಯುವ ಕೆಲಸವನ್ನು ಸರಸ್ವತಿಬಾಯಿ ರಾತ್ರಿ ಕತ್ತಲೆಯಲ್ಲಿ ಕೂತು ಮಾಡುತ್ತಿದ್ದರು. ಹಗಲು ಅರವತ್ತು ಎಪ್ಪತ್ತು ಜನಕ್ಕೆ ಅಡುಗೆ. ಅದರ ನಡುವೆ ಫಿಲಂ ತೊಳೆಯುವ ರಾಸಾಯನಿಕ ಬೆರೆಸುವುದು, ಶೂಟಿಂಗ್ ಮಾಡುವಾಗ ಮುಖದ ಮೇಲೆ ಬೆಳಕು ಬೀಳಲಿ ಅಂತ ಬಿಸಿಲಿನಲ್ಲಿ ಬಿಳೀ ಬಟ್ಟೆ ಹಿಡಿದು ನಿಲ್ಲುವುದು. ಅವರ ಹೆಸರು ಪರದೆ ಮೇಲೆ ಎಲ್ಲಿ ಬರಬೇಕು ನೀವೇ ಹೇಳಿ.

ಮಗ ಭಾಲಚಂದ್ರ ಹರಿಶ್ಚಂದ್ರನ ಮಗನ ಪಾತ್ರ ಮಾಡಿದ. ಬಾಲ್ಯದ ಗೆಳೆಯ ತ್ರ್ಯಂಬಕ ತೇಲಂಗರಿಗೆ ಕ್ಯಾಮರಾ ತಿರುಗಿಸುವುದನ್ನು ಫಾಲ್ಕೆಯೇ ಕಲಿಸಿದರು. ಹೆಂಗಸರು ಯಾರೂ ಪಾತ್ರಕ್ಕೆ ಒಪ್ಪದೆ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಹುಡುಗ ತಾರಾಮತಿ ಆದ. ಸಿನಿಮಾ ಅಂದರೆ ಜನ ಮೂಗು ಮುರಿಯುತ್ತಿದ್ದ ಕಾಲ. ಯಾರಾದರೂ ಕೇಳಿದರೆ ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿ ಕೆಲಸ ಅಂತ ಹೇಳಿ ಎಂದು ಎಲ್ಲರಿಗೂ ಹೇಳಿಕೊಟ್ಟಿದ್ದರಂತೆ. ನನಗೆ ನಗು ತಡೆಯಲಾಗಲಿಲ್ಲ.

1913ರ ಮೇ 3ರಂದು ಮುಂಬಯಿಯ ಕಾರೋನೇಷನ್ ಥಿಯೇಟರಿನಲ್ಲಿ ರಾಜಾ ಹರಿಶ್ಚಂದ್ರ ತೆರೆ ಕಂಡಿತು. ಜನ ಮುಗಿಬಿದ್ದರು. ಆಮೇಲೆ ಮನೆಯವರೆಲ್ಲ ನಾಸಿಕಕ್ಕೆ ಹೋಗಿ ಅಲ್ಲೇ ಚಿತ್ರ ತೆಗೆದರು. 1917ರ ಲಂಕಾದಹನಕ್ಕೆ ಬಂದ ಚಿಲ್ಲರೆ ಕಾಸನ್ನು ಎತ್ತಿನ ಗಾಡಿಯಲ್ಲಿ ಪೊಲೀಸ್ ಕಾವಲಿನೊಂದಿಗೆ ಸಾಗಿಸಿದರು ಅಂತ ಹೇಳುತ್ತಾರೆ. 1919ರ ಕಾಳಿಯ ಮರ್ದನದಲ್ಲಿ ಮಗಳು ಮಂದಾಕಿನಿ ಕೃಷ್ಣ ಆದಳು. ಆ ಚಿತ್ರದಲ್ಲಿ ಅವಳಿಗೆ ನಮಗಿಂತಲೂ ಚಿಕ್ಕ ವಯಸ್ಸು.

ಅಷ್ಟು ಹೊತ್ತಿಗೆ ಹಣವಂತ ಪಾಲುದಾರರು ಸೇರಿ ಹಿಂದೂಸ್ತಾನ್ ಸಿನಿಮಾ ಫಿಲಂಸ್ ಕಂಪನಿ ಆಗಿತ್ತು. ಮನೆಯ ಕೆಲಸ ಕಂಪನಿಯ ಕೆಲಸ ಆದ ಮೇಲೆ ಖರ್ಚಿನ ವಿಷಯಕ್ಕೆ ಜಗಳ ಶುರುವಾಯಿತು. ಫಾಲ್ಕೆ ಬೇಸರದಿಂದ ಕಾಶಿಗೆ ಹೋದರು, ನಾಟಕ ಬರೆದರು, ತಿರುಗಿ ಬಂದರು. ಮಾತಾಡುವ ಸಿನಿಮಾ ಬಂದ ಮೇಲೆ ಮೂಕಿಯನ್ನು ಕೇಳುವವರಿಲ್ಲ. 1937ರಲ್ಲಿ ಗಂಗಾವತರಣ ಎಂಬ ಒಂದೇ ಒಂದು ಟಾಕಿ ತೆಗೆದರು. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರಶಸ್ತಿ 1969ರಿಂದ ಇದೆ. ನಮ್ಮ ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನದು ಸಿಕ್ಕಿತು. 2008ನೇ ಸಾಲಿನದು ಮೈಸೂರಿನ ವಿ. ಕೆ. ಮೂರ್ತಿಯವರಿಗೆ. ಅವರು ನಟರಲ್ಲ, ಕ್ಯಾಮರಾ ಹಿಡಿದವರು. ಕ್ಯಾಮರಾದವರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಇನ್ನೊಂದು ಮಾತು ಬರೆಯಲೇಬೇಕು. ಹೋದ ತಿಂಗಳು ಒಬ್ಬರು ನಮ್ಮ ಕ್ಯಾಮರಾ ಒಯ್ದು, ಲೆನ್ಸಿಗೆ ಗೀರು ಮಾಡಿ ತಂದುಕೊಟ್ಟರು. ಬಾಡಿಗೆಯನ್ನೂ ಕೊಡಲಿಲ್ಲ. ಅಪ್ಪ ಇದು ಸಾಕು, ಮಾರಿಬಿಟ್ಟು ಬಳೆ ಬಿಡಿಸೋಣ ಅಂದರು. ಚಿಕ್ಕಪ್ಪ ಮಾತಾಡಲಿಲ್ಲ. ಅವ್ವ ಮಾರೋದು ಬೇಡ ಅಂದಳು. ಬ್ಯಾಟರಿ ಚಾರ್ಜು ಮಾಡುವುದು, ವೈರು ಸುತ್ತಿಡುವುದು, ಯಾರು ಯಾವಾಗ ಒಯ್ದರು ಅಂತ ಬರೆದಿಡುವುದು ಮೊದಲಿಂದಲೂ ಅವಳೇ. ಈಗ ಮುಂಗಡ ಕೊಡದೆ ಯಾರಿಗೂ ಕೊಡುವುದಿಲ್ಲ, ಲೆನ್ಸು ನೋಡಿಯೇ ವಾಪಸ್ ಇಸಿದುಕೊಳ್ಳುವುದು ಅಂತ ಹೊಸ ನೋಟ್‌ಬುಕ್ ಮಾಡಿದ್ದಾಳೆ. ಗೆರೆ ಹಾಕಿಕೊಟ್ಟಿದ್ದು ನಾನು. ಸೋಮವಾರ ಕ್ಯಾಮರಾ ಪಕ್ಕದೂರಿನ ಮದುವೆಗೆ ಹೋಗುತ್ತೆ. ಮುಂಗಡ ಬಂದಿದೆ.

— 7ನೇ ತರಗತಿ